ಕಣ್ಣಿನೊಳಗಣ ಸೂಜಿಗಲ್ಲು

ನಮ್ಮ ಮನೆಗೆ ವರುಷಕ್ಕೊಮ್ಮೆ ಉತ್ತರದ ಬೆಟ್ಟಗಳ ಕಡೆಯಿಂದ ಒಂದು ಅತಿಥಿ ಬರುವುದುಂಟು. ಮುಂದಾಗಿ ಕಾಗದವಿಲ್ಲ, ಗಂಟುಮೂಟೆಯಿಲ್ಲ. ಗಣಪತಿಯ ಹಬ್ಬದ ಆಚೆಯೀಚೆ ಯಾವುದೋ ಒಂದು ಬೆಳಗ್ಗೆ ಮಾಳಿಗೆಯ ನೀರಿನ ತೊಟ್ಟಿಯ ಬಳಿ “ಚಿಟಿಟ್, ಚಿಟಿಟ್” ಎಂಬ ಸಣ್ಣ ಮಾತು ಕೇಳಿಸಿತೆಂದರೆ, ಬಂದಿತೆಂದೇ ತಿಳಿಯಬೇಕು. ಬೆನ್ನು ಬೂದಿಯ ಬಣ್ಣ, ಹೊಟ್ಟೆ ಅರಿಶಿನದ ಬಣ್ಣ. ಉದ್ದನೆಯ ಬಾಲವನ್ನು ಎಡೆಬಿಡದೆ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರುವುದೇ ಅದರ ಮುಖ್ಯ ಉದ್ಯೋಗ. ಪುಸ್ತಕದವರು ಇದನ್ನು ಬೂದು ಸಿಪಿಲೆ ಎನ್ನುತ್ತಾರೆ. ಹಳ್ಳಿಯವರು ಇಟ್ಟಿರುವ ಹೆಸರು ಕುಂಡೆಕುಸ್ಕ. ಹೆಸರೇನೋ ಸಾರ್ಥಕವಾದದ್ದೇ, ಆದರೆ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅದನ್ನು ಎರಡನೆಯ ಸಲ ಬರೆಯಲು ನನ್ನ ಲೇಖನಿಯು ಹಿಂಜರಿಯುತ್ತದೆ.

ಮನೆಯೆಂದರೆ ನನ್ನದಲ್ಲ, ಮಗನದು. ವೈಟ್‌ಫೀಲ್ಡಿನ ಆಚೆ ಕಾಡುಗೋಡಿಯ ಕಡೆ ಎದ್ದಿರುವ ನೂರಾರು ಗೂಡುಗಳ ಕಟ್ಟಡಗಳಲ್ಲಿ ಒಂದು ಗೂಡು. ನಾನು ಮೂವತ್ತು ವರುಷಗಳಿಗೂ ಹೆಚ್ಚು ಕಾಲ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣವನ್ನು ಉಜ್ಜಿ ನಯಮಾಡುವ ಗ್ರೈಂಡಿಂಗ್ ಯಂತ್ರದ ಮುಂದೆ ನಿಂತು ಜೀವನ ಸವೆಸಿದವನು. ಪಟ್ಟಣದ ಪಡುವಣ ತುದಿಯಿಂದ ಮೂಡಣ ತುದಿಗೆ ಬಂದು ಬಿದ್ದು ಈಗ ಮೂರು ವರುಷವಾಯಿತು. ಆ ಮೂರು ವರುಷವೂ ಸಿಪಿಲೆ ಬಂದಿದೆ. ಬರುವುದು ಅದೇ ಹಕ್ಕಿಯೆಂಬುದಕ್ಕೆ ಕಾಲಿನಲ್ಲಿ ಉಂಗುರವೇನೂ ಇಲ್ಲ. ಆದರೆ ನನ್ನ ಮನೆಯವಳು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟುಬಿಟ್ಟಿದ್ದಾಳೆ: ಅದೇ ಹಕ್ಕಿ, ಅದು ಹೆಣ್ಣು, ತವರಿಗೆ ಬರುವ ಮಗಳ ಹಾಗೆ ಬರುತ್ತದೆ. ಪ್ರತಿದಿನವೂ ಅದಕ್ಕೊಂದು ತಟ್ಟೆಯಲ್ಲಿ ಅನ್ನವನ್ನಿಡುತ್ತಾಳೆ. ಹುಳುಹುಪ್ಪಟೆ ತಿನ್ನುವ ಹಕ್ಕಿ ಅನ್ನವನ್ನು ಮೂಸಿಯೂ ನೋಡುವುದಿಲ್ಲ; ಕಾಗೆಗಳು ಮಾತ್ರ ಪುಷ್ಟವಾಗಿವೆ.

ಕಳೆದ ಸೆಪ್ಟೆಂಬರಿನಲ್ಲಿ ನನ್ನ ಮೊಮ್ಮಗಳು ಕೇಳಿದಳು: “ತಾತ, ಇದಕ್ಕೆ ದಾರಿ ಹೇಳಿದವರು ಯಾರು?”

ನಾನು ಸೂಜಿಗಲ್ಲಿನ ಸಹವಾಸದಲ್ಲಿ ಬಾಳಿದವನು. ಗ್ರೈಂಡಿಂಗ್ ಯಂತ್ರದ ಮೇಜಿನ ಮೇಲೆ ಮ್ಯಾಗ್ನೆಟಿಕ್ ಚಕ್ ಎಂಬ ಅಯಸ್ಕಾಂತದ ಹಲಗೆಯೊಂದಿರುತ್ತದೆ. ಕಬ್ಬಿಣದ ತುಂಡನ್ನು ಅದೇ ಅಲುಗದಂತೆ ಹಿಡಿದಿರುವುದು. ಆದುದರಿಂದ ಠೀವಿಯಿಂದಲೇ ಉತ್ತರ ಕೊಟ್ಟೆ. “ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಮಗು. ಹಕ್ಕಿಯ ಕೊಕ್ಕಿನೊಳಗೆ ಕಬ್ಬಿಣದ ಕಣಗಳಿವೆ. ಅವು ದಿಕ್ಸೂಚಿಯ ಸೂಜಿಯಂತೆ ತಿರುಗಿ ದಾರಿ ಹೇಳುತ್ತವೆ.”

“ಹಾಗಾದರೆ ನಿನ್ನ ಗಡಿಯಾರ ಕೆಟ್ಟ ಹಾಗೆ ಹಕ್ಕಿಯೂ ಕೆಡುವುದಿಲ್ಲವೇ?”

ಗಡಿಯಾರದ ಕಥೆಯನ್ನು ಅವಳಿಗೆ ಹೇಳಿದವನೂ ನಾನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೀಲಿಕೊಡುವ ಎಚ್.ಎಂ.ಟಿ. ಗಡಿಯಾರವನ್ನು ಕೈಗೆ ಕಟ್ಟಿಕೊಂಡೇ ಚಕ್ಕಿನ ಮೇಲೆ ಕೈಯಾಡಿಸುತ್ತಿದ್ದೆ. ಒಳಗಣ ಕೂದಲೆಳೆಯಂತಹ ಸುರುಳಿಗೆ ಅಯಸ್ಕಾಂತ ಹತ್ತಿ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಗಡಿಯಾರವು ಓಡತೊಡಗಿತು. ನಾನು ಕತ್ತಲಲ್ಲೇ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಂತು ಕಾವಲುಗಾರನ ನಗೆಗೆ ಈಡಾದೆ. ಕೊನೆಗೆ ಮೇಸ್ತ್ರಿಗಳು, ಉಜ್ಜಿದ ತುಂಡುಗಳ ಅಯಸ್ಕಾಂತವನ್ನು ಇಳಿಸುವ ಯಂತ್ರದ ಮೇಲೆಯೇ ಗಡಿಯಾರವನ್ನೂ ಎಳೆದು ಗುಣಪಡಿಸಿದರು.

ಮೊಮ್ಮಗಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಗನ ಗಣಕಯಂತ್ರದ ಮುಂದೆ ಕುಳಿತು ರಾತ್ರಿಗಟ್ಟಲೆ ಓದಿದೆ. ಓದಿದಂತೆಲ್ಲ ನಾನು ಹೇಳಿದ ಉತ್ತರವೇ ಕುಸಿಯಿತು. ಪಾರಿವಾಳದ ಕೊಕ್ಕಿನಲ್ಲಿ ಕಂಡಿದ್ದ ಕಬ್ಬಿಣವುಳ್ಳ ಕಣಗಳು ದಿಕ್ಕು ಹೇಳುವ ನರಗಳಲ್ಲ, ದೇಹದ ಕಸ ಗುಡಿಸುವ ರಕ್ಷಕ ಜೀವಕೋಶಗಳು ಎಂದು 2012ರಲ್ಲಿಯೇ ತೋರಿಸಿದ್ದರು. ಸೂಜಿಗಲ್ಲನ್ನು ಕೊಕ್ಕಿನಲ್ಲಿ ಹುಡುಕಿದ್ದು ಸಾಕು, ಕಣ್ಣಿನಲ್ಲಿ ಹುಡುಕಿರಿ ಎಂಬುದೇ ಈಗ ಬಲವಾಗಿರುವ ಪಕ್ಷ.

ಈ ಕಥೆಯು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮೊದಲಾಯಿತು. ಅಲ್ಲಿ ರಾಬಿನ್ ಎಂಬ ಕೆಂಪೆದೆಯ ಸಣ್ಣ ಹಕ್ಕಿಯುಂಟು. ವಲಸೆಯ ಕಾಲ ಬಂದಿತೆಂದರೆ ಪಂಜರದೊಳಗೂ ಅದು ರಾತ್ರಿಯೆಲ್ಲ ತಾನು ಹೋಗಬೇಕಾದ ದಿಕ್ಕಿಗೇ ಹಾರಿ ಹಾರಿ ಬೀಳುತ್ತದೆ. 1960ರ ದಶಕದಲ್ಲಿ ಮೆರ್ಕೆಲ್ ಮತ್ತು ಅವರ ಶಿಷ್ಯ ವಿಲ್ಚ್‌ಕೊ ಎಂಬವರು, ನಕ್ಷತ್ರವೂ ಕಾಣದ ಕೋಣೆಯಲ್ಲಿ ಈ ಹಕ್ಕಿಯನ್ನಿಟ್ಟು, ಸುತ್ತಲೂ ತಂತಿಯ ಸುರುಳಿಗಳಿಂದ ಅಯಸ್ಕಾಂತದ ಉತ್ತರವನ್ನು ಬೇರೆ ಕಡೆಗೆ ತಿರುಗಿಸಿದರು. ಹಕ್ಕಿಯೂ ತಿರುಗಿತು. ಮುಂದೆ ಇಂತಹ ಪರೀಕ್ಷೆಗಳಿಗೆ ಲಾಳಿಕೆಯಾಕಾರದ ಪಂಜರವನ್ನು ಮಾಡಿ, ಒಳಗೆ ಟೈಪು ಮಾಡುವಾಗ ತಪ್ಪು ಅಳಿಸುವ ಬಿಳಿಯ ಕಾಗದವನ್ನು ಹೊದಿಸಿದರು. ಹಕ್ಕಿ ಎತ್ತ ನೆಗೆಯಿತೆಂಬುದನ್ನು ಅದರ ಉಗುರಿನ ಗೀರುಗಳೇ ಬರೆದುಕೊಡುತ್ತಿದ್ದವು.

1972ರಲ್ಲಿ ಇನ್ನೊಂದು ಬೆರಗು ಹೊರಬಿತ್ತು. ಹಕ್ಕಿಗೆ ಉತ್ತರ ದಕ್ಷಿಣಗಳ ಭೇದವೇ ತಿಳಿಯದು! ಭೂಮಿಯ ಅಯಸ್ಕಾಂತ ರೇಖೆಗಳು ನೆಲಕ್ಕೆ ಸಮನಾಗಿ ಹರಿಯುವುದಿಲ್ಲ. ಧ್ರುವದ ಕಡೆಗೆ ಹೋದಂತೆಲ್ಲ ನೆಲದೊಳಕ್ಕೆ ಬಾಗುತ್ತವೆ. ಫ್ರಾಂಕ್‌ಫರ್ಟಿನಲ್ಲಿ ಆ ಬಾಗು ಸುಮಾರು 66 ಅಂಶ. ರೇಖೆಗಳು ಎತ್ತ ಬಾಗಿವೆಯೋ ಅತ್ತ ಧ್ರುವ, ಅದರ ಎದುರು ದಿಕ್ಕು ಭೂಮಧ್ಯ. ಹಕ್ಕಿಯ ಲೆಕ್ಕವೆಲ್ಲ ಇಷ್ಟೇ. ಇನ್ನು ನಮ್ಮ ಬೆಂಗಳೂರಿನಲ್ಲಿ ಆ ಬಾಗು 10-15 ಅಂಶವಿದ್ದೀತು, ಅಷ್ಟೆ. ಅಯಸ್ಕಾಂತದ ಭೂಮಧ್ಯರೇಖೆಯು ನಮ್ಮ ದೇಶದ ದಕ್ಷಿಣದ ತುದಿಯ ಹತ್ತಿರವೇ ಹಾಯುತ್ತದೆ. ಅದರ ಸಲುವಾಗಿಯೇ ತಿರುವನಂತಪುರದ ಬಳಿಯ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ಆರಿಸಿ, 1963ರ ನವೆಂಬರು 21ರಂದು ಅಲ್ಲಿಂದ ನಮ್ಮ ಮೊದಲ ರಾಕೆಟ್ಟನ್ನು ಹಾರಿಸಿದ್ದು. ಸಿಪಿಲೆಗಳಾದರೋ ಸಿಂಹಳದವರೆಗೂ ಹೋಗುತ್ತವೆ. ರೇಖೆಗಳು ಬಾಗದೆ ನೆಟ್ಟಗೆ ಮಲಗಿರುವ ಕಡೆ ಇಂತಹ ದಿಕ್ಸೂಚಿಗೆ ಬೆಲೆಯೇನು? ಯೂರೋಪಿನಿಂದ ಆಫ್ರಿಕಕ್ಕೆ ಹೋಗುವ ಇನ್ನೊಂದು ಜಾತಿಯ ಹಕ್ಕಿಯನ್ನು ಕೆಲವು ಕಾಲ ಅಂತಹ ಮಲಗಿದ ರೇಖೆಗಳಲ್ಲಿಟ್ಟು ನೋಡಿದಾಗ, ಅದು ತನ್ನ ಲೆಕ್ಕವನ್ನೇ ತಿರುವುಮುರುವು ಮಾಡಿಕೊಂಡಿತೆಂದು 1992ರಲ್ಲಿ ಬರೆದಿದ್ದಾರೆ.

ಇದಕ್ಕೂ ಕಣ್ಣಿಗೂ ಏನು ಸಂಬಂಧ? ಬೆಳಕು. ನೀಲಿ ಹಸುರು ಬೆಳಕಿನಲ್ಲಿ ದಿಕ್ಕು ಹಿಡಿಯುವ ಹಕ್ಕಿ ಕೆಂಪು ಬೆಳಕಿನಲ್ಲಿ ದಾರಿಗಾಣದೆ ಸುತ್ತುತ್ತದೆ. ಇದಕ್ಕೆ ಕಾರಣವಾಗಬಲ್ಲ ಒಂದು ಊಹೆಯನ್ನು ಶುಲ್ಟೆನ್ ಎಂಬ ವಿಜ್ಞಾನಿ 1978ರಷ್ಟು ಹಿಂದೆಯೇ ಹೇಳಿದ್ದರು. ಹೆಸರಾಂತ ಪತ್ರಿಕೆಯೊಂದು ಆ ಲೇಖನವನ್ನು ಹಿಂದಿರುಗಿಸಿತಂತೆ. ಲೇಖನಗಳು ಮರಳಿ ಬಂದು ನೊಂದಿರುವ ನನ್ನಂಥವರಿಗೆ ಸಮಾಧಾನದ ಮಾತು. 2000ದಲ್ಲಿ ಅವರೂ ಅವರ ಜೊತೆಗಾರರೂ ಆ ಊಹೆಗೆ ನೆಲೆಯನ್ನು ತೋರಿಸಿದರು: ಕಣ್ಣಿನ ಅಕ್ಷಿಪಟದಲ್ಲಿರುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನು. ನೀಲಿ ಬೆಳಕಿನ ಕಿರಣವೊಂದು ತಗುಲಿದೊಡನೆ ಅದರೊಳಗೆ ಒಂದು ಎಲೆಕ್ಟ್ರಾನು ತನ್ನ ಜಾಗವನ್ನು ಬಿಟ್ಟು ನೆಗೆಯುತ್ತದೆ. ಆಗ ಜೊತೆಯಗಲಿದ ಎರಡು ಎಲೆಕ್ಟ್ರಾನುಗಳು ದೂರದೂರ ನಿಂತರೂ ಒಂದರ ತಾಳವನ್ನು ಇನ್ನೊಂದು ಮರೆಯದೆ ತಿರುಗುತ್ತಿರುತ್ತವೆ.

ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ಹಿರಿಯ ವಾಚಕರು ಕಂಡಿರಬಹುದು. ಪಕ್ಕದಲ್ಲಿ ಕುಳಿತ ಹಸುಳೆಗೆ ಒನಕೆಯನ್ನು ಎತ್ತುವ ಬಲವೆಲ್ಲಿಯದು? ಆದರೆ ಅದು ಚಪ್ಪಾಳೆ ತಟ್ಟಿದರೆ ತಾಳವು ತಪ್ಪೀತು. ಭೂಮಿಯ ಅಯಸ್ಕಾಂತವು ಆ ಹಸುಳೆಯಂತೆ. ತಂಗಳುಪೆಟ್ಟಿಗೆಯ ಬಾಗಿಲಿಗೆ ಅಂಟಿಸುವ ಬೊಂಬೆಯ ಅಯಸ್ಕಾಂತವೂ ಅದಕ್ಕಿಂತ ನೂರ್ಮಡಿ ಬಲವುಳ್ಳದ್ದು. ಅಣುವನ್ನು ಅಲುಗಿಸಲಾರದು, ತಾಳವನ್ನು ಮಾತ್ರ ಬದಲಿಸಬಲ್ಲದು. ತಾಳವು ಬದಲಾದರೆ ಅಲ್ಲಿ ಹುಟ್ಟುವ ರಾಸಾಯನಿಕದ ಪ್ರಮಾಣವು ಬದಲಾಗುತ್ತದೆ. ಅಕ್ಷಿಪಟದ ಒಂದೊಂದು ಭಾಗವೂ ರೇಖೆಗಳಿಗೆ ಒಂದೊಂದು ಕೋನದಲ್ಲಿರುವುದರಿಂದ, ಹಕ್ಕಿಯು ನೋಡುವ ನೋಟದ ಮೇಲೆ ನೆರಳುಬೆಳಕಿನ ಒಂದು ತೆಳುವಾದ ಚಿತ್ರ ಮೂಡೀತೆಂದು ಪಂಡಿತರ ಮತ. 2021ರಲ್ಲಿ ಓಲ್ಡನ್‌ಬರ್ಗ್ ಮತ್ತು ಆಕ್ಸ್‌ಫರ್ಡಿನವರು ರಾಬಿನ್ನಿನ ಈ ಪ್ರೋಟೀನು ಅಯಸ್ಕಾಂತಕ್ಕೆ ಸ್ಪಂದಿಸುವುದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದರು. ಕೋಳಿಯದೂ ಪಾರಿವಾಳದ್ದೂ ಅಷ್ಟು ಸ್ಪಂದಿಸಲಿಲ್ಲವಂತೆ. ಕೋಳಿಗೇಕೆ ಬೇಕು, ಪಾಪ.

ಇಷ್ಟು ಓದುವ ಹೊತ್ತಿಗೆ ಇನ್ನೊಂದು ಪ್ರಯೋಗವು ಎದುರಾಗಿ ನನ್ನನ್ನು ತಡೆದು ನಿಲ್ಲಿಸಿತು. ಅದನ್ನು ಹೇಳುವುದಕ್ಕೆ ಮೊದಲು ಮನೆಯಲ್ಲಿ ಮುಚ್ಚಿಟ್ಟಿದ್ದ ಸಂಗತಿಯೊಂದನ್ನು ಇಲ್ಲಿ ಬಿಚ್ಚಬೇಕಾಗಿದೆ.

ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ವೈದ್ಯರು ಶಸ್ತ್ರಕ್ರಿಯೆಯಾಗಬೇಕೆಂದು ಹೇಳಿ ಒಂದು ವರುಷವೇ ಕಳೆದಿದ್ದರೂ ಮಗನಿಗೆ ತಿಳಿಸಿರಲಿಲ್ಲ. ಮನೆಯ ಸಾಲದ ಕಂತು, ಮಗುವಿನ ಶಾಲೆಯ ಹಣ ಎಂದು ಕಾರಣಗಳನ್ನು ಹೇಳಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಹೆದರಿಕೆ. ಅಕ್ಟೋಬರಿನ ಒಂದು ಸಂಜೆ ಪೀಣ್ಯದ ಹಳೆಯ ಗೆಳೆಯರನ್ನು ನೋಡಿಕೊಂಡು ಮೆಟ್ರೋ ರೈಲಿನಲ್ಲಿ ಬಂದು ಹೋಪ್ ಫಾರ್ಮಿನ ನಿಲ್ದಾಣದಲ್ಲಿ ಇಳಿದೆ. ಕತ್ತಲಾಗಿತ್ತು. ಎದುರಿಗೆ ಬರುವ ಗಾಡಿಗಳ ದೀಪವೆಲ್ಲ ಹಿಟ್ಟು ಚೆಲ್ಲಿದಂತೆ ಹರಡಿ ಕಾಣುತ್ತಿದ್ದಿತು. ಬೆಳಕಿಗೇನೂ ಕೊರತೆಯಿಲ್ಲ, ಆದರೆ ಯಾವುದಕ್ಕೂ ಅಂಚಿಲ್ಲ. ಎಲ್ಲಿ ತಿರುಗಿದೆನೋ ಅರಿಯೆ. ಒಂದು ಗಂಟೆಗೂ ಮೇಲ್ಪಟ್ಟು ನಡೆದು, ಕೊನೆಗೆ ಒಂದೇ ಸಮನಾದ ಗೋಡೆಗಳ ನಡುವೆ ನಿಂತುಬಿಟ್ಟೆ. ಮನೆಮನೆಗೆ ಊಟ ತಲುಪಿಸುವ ಹುಡುಗನೊಬ್ಬನು “ಎಲ್ಲಿಗೆ ಹೋಗಬೇಕು ಯಜಮಾನರೇ?” ಎಂದು ಕೇಳಿ, ತನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಬಾಗಿಲಿಗೆ ತಂದು ಬಿಟ್ಟನು. ಒಳಗೆ, ಗೆಳೆಯರು ತಡಮಾಡಿಸಿದರೆಂದು ಸುಳ್ಳು ಹೇಳಿದೆ. ಆ ಮೇಲೆ ಸಂಜೆ ಹೊರಗೆ ಹೋಗುವುದನ್ನೇ ಬಿಟ್ಟೆ.

ಈಗ ಆ ಪ್ರಯೋಗ. 2010ರಲ್ಲಿ ಫ್ರಾಂಕ್‌ಫರ್ಟಿನವರು ರಾಬಿನ್ನುಗಳ ಬಲಗಣ್ಣಿಗೆ ಮಸುಕಾದ ಕನ್ನಡಕವನ್ನು ತೊಡಿಸಿದರು. ಬೆಳಕು ಒಳಗೆ ಹೋಗುತ್ತದೆ, ರೂಪ ಕಾಣುವುದಿಲ್ಲ. ಬೆಳಕಿದ್ದರೂ ಹಕ್ಕಿಗಳು ದಿಕ್ಕು ತಪ್ಪಿದವು. ಅದೇ ಮಸುಕನ್ನು ಎಡಗಣ್ಣಿಗೆ ಹಾಕಿದಾಗ ತಪ್ಪಲಿಲ್ಲ. ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಆದರೆ ಹೆದರಿದವನಿಗೆ ಆಧಾರಗಳಿಗೆ ಬರವೇ? ಓಲ್ಡನ್‌ಬರ್ಗಿನವರು ಇದನ್ನು ಒಪ್ಪದೆ, ಎರಡು ಕಣ್ಣಿಗೂ ಆ ಶಕ್ತಿಯುಂಟೆಂದು ತಮ್ಮ ಪರೀಕ್ಷೆಗಳಿಂದ ವಾದಿಸಿದ್ದರು. ನಾನು ಕೂಡಲೇ ಆ ಪಕ್ಷವನ್ನು ಸೇರಿಕೊಂಡು, ಪೊರೆಯ ವಿಷಯವನ್ನು ಮನೆಯವಳಿಗೆ ತಿಳಿಸಿ, ಒಂದು ಕಣ್ಣು ಸಾಕೆಂಬುದಕ್ಕೆ ಜರ್ಮನಿಯ ಪ್ರಮಾಣವನ್ನೂ ಒದಗಿಸಿದೆ.

“ನೀವೇನು ಹಕ್ಕಿಯೇ?” ಎಂದಳು. ಆ ರಾತ್ರಿಯೇ ಮಗನಿಗೆ ತಿಳಿಯಿತು.

ಓಲ್ಡನ್‌ಬರ್ಗಿನವರ ಮಾತು ಬಂದಿತಾದುದರಿಂದ ಅವರ ಇನ್ನೊಂದು ಕೆಲಸವನ್ನು ಬಿಡಲಾರೆ; ಅದು ಪೀಣ್ಯದವನ ಎದೆಗೆ ನಾಟುವಂಥದು. ಅವರ ವಿದ್ಯಾಲಯದ ಆವರಣದ ಮರದ ಗುಡಿಸಲುಗಳಲ್ಲಿ ಹಕ್ಕಿಗಳಿಗೆ ವರುಷಗಟ್ಟಲೆ ದಿಕ್ಕೇ ತೋಚಲಿಲ್ಲ. ಗುಡಿಸಲಿಗೆ ಅಲ್ಯುಮಿನಿಯಮ್ ತಗಡನ್ನು ಹೊದಿಸಿ ನೆಲಕ್ಕೆ ಅರ್ತಿಂಗ್ ಕೊಟ್ಟೊಡನೆ ತೋಚಿತು. ಅರ್ತಿಂಗ್ ತಂತಿಯನ್ನು ಬಿಚ್ಚಿದರೆ ಮತ್ತೆ ಕಂಗಾಲು. ವಿದ್ಯುತ್ತಿನ ಸಲಕರಣೆಗಳೂ ಹಳೆಯ ಬಗೆಯ ರೇಡಿಯೋ ನಿಲಯಗಳೂ ಎಬ್ಬಿಸುವ, ಕಿವಿಗೆ ಕೇಳದ ಗದ್ದಲವೇ ಇದಕ್ಕೆ ಕಾರಣವೆಂದು 2014ರಲ್ಲಿ ಪ್ರಕಟಿಸಿದರು. ಎಲ್ಲರೂ ಬಯ್ಯುವ ಕೈಫೋನಿನ ಅಲೆಗಳಲ್ಲ, ಅವಕ್ಕಿಂತ ಬಹಳ ಕೆಳಗಿನ ಮಟ್ಟದವು. ಊರ ಹೊರಗೆ, ತಗಡಿಲ್ಲದೆಯೂ ಹಕ್ಕಿಗಳು ಸರಿಯಾಗಿಯೇ ಇದ್ದವು. ಓದುವಾಗ, ನಾವು ಮೂವತ್ತು ವರುಷ ಹಗಲಿರುಳು ಓಡಿಸಿದ ಮೋಟಾರುಗಳು, ಕಿಡಿ ಹಾರಿಸುವ ವೆಲ್ಡಿಂಗು, ಎಲ್ಲವೂ ಕಿವಿಯಲ್ಲಿ ಮೊರೆದವು. ಆ ಬೀದಿಗಳ ಮೇಲೆ ಎಷ್ಟು ಸಿಪಿಲೆಗಳು ಹಾದುಹೋದವೋ. ಹಕ್ಕಿಗೆ ಸೂರ್ಯನುಂಟು, ನಕ್ಷತ್ರಗಳುಂಟು, ಕಂಡ ಕೆರೆ ಬೆಟ್ಟಗಳ ನೆನಪುಂಟು. ಒಂದನ್ನೇ ನಂಬಿ ಹೊರಡುವುದಿಲ್ಲ. ನಮ್ಮ ಗೃಹಪ್ರವೇಶದ ದಿನ ಪುರೋಹಿತರು ಮೂಡಲು ಯಾವುದೆಂದು ಕೇಳಿದಾಗ, ಗೋಡೆಯೊಳಗಿನ ಕಂಬಿಗಳ ದೆಸೆಯಿಂದ ಮಗನ ಕೈಫೋನು ಮೂಲೆಗೊಂದು ಮೂಡಲನ್ನು ತೋರಿಸಿತು. ನನ್ನ ಮನೆಯವಳು ಹೊರಗೆ ಇಣಿಕಿ, ಸೂರ್ಯನನ್ನು ನೋಡಿ, ಇತ್ತ ಎಂದಳು.

ಜನವರಿಯಲ್ಲಿ ಶಸ್ತ್ರಕ್ರಿಯೆಯಾಯಿತು. ನೋವೇನೂ ಇರಲಿಲ್ಲ, ವರುಷವಿಡೀ ಹೆದರಿದ್ದಕ್ಕೆ ನಾಚಿಕೆಯೇ ಹೆಚ್ಚು. ಮಾರನೆಯ ದಿನ ಕಟ್ಟು ಬಿಚ್ಚಿದಾಗ ಗೋಡೆಗಳು ಇಷ್ಟು ಬೆಳ್ಳಗಿದ್ದುವೇ ಎಂದು ಬೆರಗಾದೆ. ಹುಡುಗನ ಗಾಡಿಯಲ್ಲಿ ಬಂದ ಆ ರಾತ್ರಿಯ ಕಥೆಯನ್ನೂ ಮಗನಿಗೆ ಹೇಳಿಬಿಟ್ಟೆ. ಅವನು ಏನೂ ಅನ್ನಲಿಲ್ಲ. ಆ ಸಂಜೆಯಿಂದ ಮೊಮ್ಮಗಳು ನನ್ನೊಡನೆ ತಿರುಗಾಡಲು ಬರತೊಡಗಿದಳು.

ಮಾರ್ಚಿಯ ಕೊನೆಯಲ್ಲಿ ಅವಳು ದಿನವೂ, “ತಾತ, ಸಿಪಿಲೆಯ ಕತ್ತು ಕಪ್ಪಾಗುತ್ತಿದೆ” ಎಂದು ಹೇಳುತ್ತಿದ್ದಳು. ಒಂದು ಬೆಳಗ್ಗೆ ಮಾಳಿಗೆಗೆ ಹತ್ತಿ ಎಡಗಣ್ಣನ್ನು ಮುಚ್ಚಿಕೊಂಡು, ಹೊಸ ಕಣ್ಣಿನಿಂದಲೇ ನೋಡಿದೆ. ತೊಟ್ಟಿಯ ಅಂಚಿನಲ್ಲಿ ನಿಂತಿತ್ತು. ಗಂಟಲಿನ ಕೆಳಗೆ ಅಚ್ಚಗಪ್ಪು, ಅದರ ಎರಡು ಪಕ್ಕಕ್ಕೂ ಎಳೆದ ಹಾಗೆ ಬಿಳಿಯ ಗೆರೆ. ಹೊರಡುವ ಕಾಲಕ್ಕೆ ಹಾಗೆ ಕತ್ತು ಕಪ್ಪಾಗುವುದು ಗಂಡು ಹಕ್ಕಿಗೆ. ಕೆಳಗೆ ಹೋಗಿ, ತವರಿಗೆ ಬಂದಿರುವುದು ಮಗಳಲ್ಲವೆಂದು ತಿಳಿಸಿದೆ.

“ನಿಮ್ಮ ಕಣ್ಣು ಇನ್ನೂ ಸರಿಯಾಗಿಲ್ಲ ಬಿಡಿ” ಎಂದಳು.

ಏಪ್ರಿಲಿನ ಮೊದಲ ವಾರದಲ್ಲಿ ಒಂದು ದಿನ ತೊಟ್ಟಿಯ ಬಳಿ ಅದು ಇರಲಿಲ್ಲ. ಮಾರನೆಯ ದಿನವೂ ಇರಲಿಲ್ಲ. ಅವಳು ಅನ್ನದ ತಟ್ಟೆಯನ್ನು ತೊಳೆದು ಬೋರಲು ಹಾಕಿದಳು.