ಫರಾ ಎಲ್ಲಿ ಹೋದಳು?

‘ಪ್ರಿನ್ಸ್ ಆಫ್ ಪರ್ಷಿಯಾ’ದ ಪ್ರಿನ್ಸ್ ಅಸಲಿಗೆ ಪ್ರಿನ್ಸೇ ಅಲ್ಲ. 1989ರ ಮೊದಲ ಆಟದಲ್ಲಿ ಅವನು ಎಲ್ಲಿಂದಲೋ ಬಂದ ಹೆಸರಿಲ್ಲದ ಪರದೇಶಿ. ಸುಲ್ತಾನ ದಂಡಿಗೆ ಹೋದ ಸಮಯ ನೋಡಿ ವಜೀರ ಜಾಫರ್ ಅರಮನೆಯನ್ನು ಕಬಳಿಸುತ್ತಾನೆ. ನನ್ನನ್ನು ಮದುವೆಯಾಗು, ಇಲ್ಲವೇ ಸಾಯಿ ಎಂದು ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಟ್ಟು, ಅವಳು ಮನಸ್ಸು ಕೊಟ್ಟ ಹುಡುಗನನ್ನು ನೆಲಮಾಳಿಗೆಗೆ ತಳ್ಳುತ್ತಾನೆ. ಆ ಹುಡುಗನ ಮೈಯಲ್ಲಿ ರಾಜರಕ್ತವಿದೆ ಎಂದು ನಮಗೆ ಗೊತ್ತಾಗುವುದು 1993ರ ಎರಡನೇ ಆಟದಲ್ಲಿ. ಬಿರುದು ಮೊದಲು ಬಂತು, ವಂಶಾವಳಿ ಆಮೇಲೆ. ಹುಟ್ಟಿದಾಗಲೇ ಹಿಂದುಮುಂದು ತಾಳೆಯಾಗದ ಇಂಥ ಕಥೆಯ ಪರವಾಗಿ, ‘ಸಿನಿಮಾದವರು ಮೂಲಕಥೆಗೆ ಅಪಚಾರ ಮಾಡಿದರು’ ಎಂದು ನಾನು ವರ್ಷಗಟ್ಟಲೆ ಗೊಣಗಿದ್ದೇನೆ. ಈಗಲೂ ಗೊಣಗುತ್ತೇನೆ.

ಅವನ ಪರಿಚಯವಾದದ್ದು ತುಮಕೂರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಧೂಳು ಬಿದ್ದರೆ ಕಂಪ್ಯೂಟರ್ ಕೆಡುತ್ತದೆ ಎಂಬ ಭಯದ ಕಾಲ. ಬೋರ್ಡಿನ ಮೇಲೆ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂದು ಬರೆದಿತ್ತು. ಸರ್ ಟೀ ಕುಡಿಯಲು ಮೆಟ್ಟಿಲಿಳಿದರೆಂದರೆ ಎಲ್ಲ ಪರದೆಗಳ ಮೇಲೂ ಬಿಳಿ ಪೈಜಾಮದ ಹುಡುಗ ಓಡತೊಡಗುತ್ತಿದ್ದ. ಆಟದಲ್ಲಿ ಅಲ್ಲಲ್ಲಿ ಮದ್ದಿನ ಬಾಟಲಿಗಳಿರುತ್ತವೆ. ಕೆಂಪು ಗುಳ್ಳೆಯದು ಕುಡಿದರೆ ಜೀವ ಬರುತ್ತದೆ, ನೀಲಿ ಗುಳ್ಳೆಯದು ಕುಡಿದರೆ ಹೋಗುತ್ತದೆ. ಬಣ್ಣದ ಮಾನಿಟರ್ ಇದ್ದದ್ದು ಸರ್ ಮೇಜಿನ ಮೇಲೆ ಮಾತ್ರ. ನಮ್ಮ ಕಪ್ಪು-ಬಿಳುಪಿನ ಪರದೆಗಳಲ್ಲಿ ಅಮೃತ, ವಿಷ ಎರಡೂ ಒಂದೇ ಬೂದಿ ಬಣ್ಣ. ಹಾಗಾಗಿ ಯಾವ ಲೆವೆಲ್ಲಿನ ಯಾವ ಮೂಲೆಯದು ಕುಡಿಯಬೇಕು, ಯಾವುದು ಕೂಡದು ಎಂಬುದು ಮಗ್ಗಿಯಂತೆ ಬಾಯಿಪಾಠವಾಗಿತ್ತು. ಆಟ ಶುರು ಮಾಡುವಾಗ ‘ಪ್ರಿನ್ಸ್’ ಎಂದು ಟೈಪಿಸಿ ಪಕ್ಕದಲ್ಲಿ ‘ಮೆಗಾಹಿಟ್’ ಎಂದು ಸೇರಿಸಿದರೆ ಅಡ್ಡದಾರಿಗಳು ತೆರೆಯುತ್ತಿದ್ದವು. ಸಿನಿಮಾ ಪೋಸ್ಟರಿನ ಮಾತು ಆಟದೊಳಗೆ ಹೇಗೆ ಬಂತೆಂದು ಆಗ ಯಾರೂ ಕೇಳಲಿಲ್ಲ.

ಅಸಲಿಗೆ ಆ ಆಟವೇ ಸಿನಿಮಾದಿಂದ ಬಂದದ್ದು. ಅದನ್ನು ಮಾಡಿದ ಅಮೆರಿಕದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ವಾಹನ ನಿಲ್ಲಿಸುವ ಬಯಲಿನಲ್ಲಿ ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ ವಿಡಿಯೊ ತೆಗೆದ. ಅದರ ಒಂದೊಂದೇ ಚಿತ್ರವನ್ನು ಹಿಡಿದು ಆಪಲ್-2 ಕಂಪ್ಯೂಟರಿಗೆ ಇಳಿಸಿದ. ನಮ್ಮ ಹುಡುಗ ಅಂಚು ಹಿಡಿದು ನೇತಾಡುವಾಗ ಕಾಣುವ ಒದ್ದಾಟ ಆ ತಮ್ಮನದು. ಕತ್ತಿವರಸೆಗೆ 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದಲ್ಲಿ ಎರಲ್ ಫ್ಲಿನ್ ಮತ್ತು ಬೇಸಿಲ್ ರಾಥ್‌ಬೋನ್ ಕಾದಾಡುವ ಕೆಲವೇ ಕ್ಷಣಗಳ ತುಣುಕು ಆಧಾರ. ಸಂಗೀತ ಅಪ್ಪ ಫ್ರಾನ್ಸಿಸ್‌ನದು. ಆಟ ಮುಗಿಸುವ ಮೊದಲೇ ಮೆಕ್ನರ್‌ಗೆ ಚಿತ್ರಕಥೆ ಬರೆಯುವ ಹುಚ್ಚು ಹತ್ತಿ ಕೆಲಸ ನಡುವೆಯೇ ನಿಂತದ್ದೂ ಉಂಟು.

ಇದೆಲ್ಲದರಲ್ಲಿ ನನಗೆ ಅತಿ ಪ್ರಿಯವಾದದ್ದು ನೆರಳಿನ ಪ್ರಸಂಗ. ನಾಲ್ಕನೇ ಲೆವೆಲ್ಲಿನಲ್ಲಿ ದಾರಿಗಡ್ಡವಾಗಿ ಕನ್ನಡಿಯೊಂದು ಎದ್ದು ನಿಲ್ಲುತ್ತದೆ. ಓಡಿಬಂದು ಅದರೊಳಕ್ಕೆ ಹಾರಿದರೆ ಈ ಕಡೆಯಿಂದ ನಾವು ಹೋಗುತ್ತೇವೆ, ಆ ಕಡೆಯಿಂದ ನಮ್ಮ ನೆರಳು ಜಿಗಿದು ಓಡಿಬಿಡುತ್ತದೆ. ಆಮೇಲೆ ಬೇಕಾದಾಗಲೆಲ್ಲ ಬಂದು ಕಾಡುತ್ತದೆ: ನಾವು ಕುಡಿಯಬೇಕಾದ ಮದ್ದನ್ನು ತಾನು ಕುಡಿಯುತ್ತದೆ, ನಾವು ದಾಟಬೇಕಾದ ಬಾಗಿಲನ್ನು ಮುಚ್ಚುತ್ತದೆ. ಹನ್ನೆರಡನೇ ಲೆವೆಲ್ಲಿನಲ್ಲಿ ಕತ್ತಿ ಹಿರಿದು ಎದುರಿಗೇ ನಿಲ್ಲುತ್ತದೆ. ಹೊಡೆದರೆ ಪೆಟ್ಟು ಬೀಳುವುದು ನಮಗೇ. ಕೊಂದರೆ ಸಾಯುವುದೂ ನಾವೇ. ಎಲ್ಲರೂ ಗುದ್ದಾಡಿ ಗುದ್ದಾಡಿ ಸತ್ತೆವು. ಒಂದು ದಿನ ಪಕ್ಕದ ಬೆಂಚಿನ ಹುಡುಗನೊಬ್ಬ ಕತ್ತಿಯನ್ನು ಒರೆಗೆ ಸೇರಿಸಿ ಸುಮ್ಮನೆ ನಿಂತ. ನೆರಳೂ ಕತ್ತಿ ಇಳಿಸಿತು. ಅವನು ಅದರತ್ತ ನಡೆದ, ಎರಡೂ ಕೂಡಿಕೊಂಡವು. ಮುಂದೆ ನೆಲವೇ ಇಲ್ಲದ ಕಡೆ ಕಾಲಿಟ್ಟರೆ ಹೆಜ್ಜೆಗೊಂದು ಚಪ್ಪಡಿ ಮೂಡುತ್ತ ಹೋಯಿತು.

ಈ ದೊಡ್ಡ ವೇದಾಂತದ ಮೂಲ ಬಡತನ. ಮೆಕ್ನರ್‌ಗೆ ಮೊದಲು ಹೊಡೆದಾಟವೇ ಬೇಡವಾಗಿತ್ತು. ಆಟ ಸಪ್ಪೆಯಾಗಿದೆ, ಎದುರಾಳಿ ಬೇಕು ಎಂದು ಜೊತೆಯವರು ಹೇಳುವ ಹೊತ್ತಿಗೆ ಕಂಪ್ಯೂಟರಿನ ನೆನಪಿನಲ್ಲಿ ಇನ್ನೊಂದು ಪಾತ್ರಕ್ಕೆ ಜಾಗ ಉಳಿದಿರಲಿಲ್ಲ. ಇದ್ದ ಹುಡುಗನ ಚಿತ್ರವನ್ನೇ ಒಂದಿಷ್ಟು ಸರಿಸಿ ಅದರ ಮೇಲೇ ಹಾಯಿಸಿದಾಗ ದೆವ್ವದಂಥ ಆಕೃತಿ ಬಂತು. ಅದೇ ನೆರಳಾಯಿತು. ಮಾಡಿಟ್ಟುಕೊಂಡ ಕಥೆ ಕೈಕೊಟ್ಟಲ್ಲಿ ಬೇರೊಂದು ಕಥೆ ಹುಟ್ಟಿತು. ಆದ್ದರಿಂದ ಕಥೆ ಬದಲಾಯಿತು ಎಂಬುದಕ್ಕೇ ನಾನು ಜಗಳ ತೆಗೆಯುವವನಲ್ಲ.

ಜಗಳವಿರುವುದು ಫರಾ ವಿಷಯದಲ್ಲಿ. 2003ರಲ್ಲಿ ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡ ‘ದಿ ಸ್ಯಾಂಡ್ಸ್ ಆಫ್ ಟೈಮ್’ ತಂದಿತು. ಕಥೆ ಮೆಕ್ನರ್‌ನದೇ, ಆದರೆ ಹಳೆಯ ಸುಲ್ತಾನ, ಹಳೆಯ ರಾಜಕುಮಾರಿ ಯಾರೂ ಇಲ್ಲ. ಪರ್ಷಿಯಾದ ದೊರೆ ಶಹರಮಾನ್ ಭಾರತದ ಮಹಾರಾಜನೊಬ್ಬನ ಅರಮನೆ ಲೂಟಿ ಮಾಡುತ್ತಾನೆ. ಅವನ ಮಗ, ನಮ್ಮ ಪ್ರಿನ್ಸ್, ಕಾಲವನ್ನೇ ಹಿಂದಕ್ಕೆ ತಿರುಗಿಸಬಲ್ಲ ಕಠಾರಿಯೊಂದನ್ನು ಅಲ್ಲಿಂದ ಎತ್ತಿಕೊಳ್ಳುತ್ತಾನೆ. ಸೆರೆಸಿಕ್ಕ ಮಹಾರಾಜನ ಮಗಳೇ ಫರಾ. ಬಿಲ್ಲು ಹಿಡಿದ, ನಾಲಗೆ ಚುರುಕಾದ, ಪ್ರಿನ್ಸನನ್ನು ಪ್ರಿನ್ಸ್ ಎಂದು ಲೆಕ್ಕಕ್ಕೇ ಇಡದ ಹುಡುಗಿ. ಇಡೀ ಕಥೆಯನ್ನು ಪ್ರಿನ್ಸ್ ತಾನೇ ಹೇಳುತ್ತಿರುತ್ತಾನೆ. ಆಡುವವರು ಎಡವಿ ಸತ್ತರೆ, ಇಲ್ಲ ಇಲ್ಲ, ಹೀಗಾಗಲಿಲ್ಲ, ಮತ್ತೆ ಹೇಳುತ್ತೇನೆ ಎಂದು ತಿದ್ದಿಕೊಳ್ಳುತ್ತಾನೆ. ಸಾವು ಕೂಡ ಬರೀ ಹೇಳುವವನ ಬಾಯಿತಪ್ಪು!

ನಡುವೆ ಒಂದು ಕಡೆ ಫರಾ ತನ್ನ ಬಾಲ್ಯದ ಗುಟ್ಟು ಹೇಳುತ್ತಾಳೆ. ಹೆದರಿಕೆಯಾದಾಗ ಹೇಳಿಕೊಳ್ಳಲೆಂದು ಅಮ್ಮ ಕಲಿಸಿದ ಮಂತ್ರದಂಥ ಮಾತು: ಕಾಕೋಲೂಕೀಯಂ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದವನು ಕುರ್ಚಿಯಲ್ಲಿ ನೆಟ್ಟಗಾದೆ. ಅದು ಸಂಸ್ಕೃತ ಪಂಚತಂತ್ರದ ಮೂರನೇ ತಂತ್ರ, ಕಾಗೆ-ಗೂಬೆಗಳ ವೈರದ ಕಥೆ! ಕೆನಡಾದಲ್ಲಿ ಕೂತು ಪರ್ಷಿಯಾದ ಆಟ ಮಾಡಿದವರು ಅಜ್ಜಿಯ ಕಥೆಯ ಪೆಟ್ಟಿಗೆಗೆ ಕೈ ಹಾಕಿದ್ದರು. ಕೊನೆಯಲ್ಲಿ ಪ್ರಿನ್ಸ್ ಕಾಲವನ್ನೆಲ್ಲ ಹಿಂದಕ್ಕೆ ಸುತ್ತುತ್ತಾನೆ. ಯುದ್ಧವೇ ನಡೆದಿಲ್ಲ, ಅವರಿಬ್ಬರ ಭೇಟಿಯೂ ಆಗಿಲ್ಲ. ಅವನಿಗೆ ಎಲ್ಲ ನೆನಪಿದೆ, ಅವಳಿಗೆ ಏನೂ ಇಲ್ಲ. ಇದುವರೆಗೆ ಅವನು ಕಥೆ ಹೇಳುತ್ತಿದ್ದದ್ದು ಅವಳಿಗೇ ಎಂದು ಆಗ ತಿಳಿಯುತ್ತದೆ. ಅವಳು ನಂಬುವುದಿಲ್ಲ. ಹೊರಡುವ ಮುನ್ನ ಅವನು ಆ ಒಂದು ಮಾತು ಆಡಿ ಹೋಗುತ್ತಾನೆ.

2010ರಲ್ಲಿ ಡಿಸ್ನಿಯವರ ಸಿನಿಮಾ ಬಂತು. ಜೆರಿ ಬ್ರಕ್‌ಹೈಮರ್ ನಿರ್ಮಾಣ, ಮೈಕ್ ನ್ಯೂಯೆಲ್ ನಿರ್ದೇಶನ, ಸುಮಾರು 20 ಕೋಟಿ ಡಾಲರ್ ಖರ್ಚು. ಮೊರಾಕ್ಕೊದ ಮರಳನ್ನು ಪರ್ಷಿಯಾ ಮಾಡಿ, ಲಾಸ್ ಏಂಜಲೀಸಿನ ಜೇಕ್ ಜಿಲೆನ್‌ಹಾಲ್‌ನನ್ನು ರಾಜಕುಮಾರ ಮಾಡಿದ್ದರು. ಇರಾನ್ ಮೂಲದ ಒಬ್ಬ ನಟನೂ ಸಿಗಲಿಲ್ಲವೇ ಎಂದು ಆಗಲೇ ಹಲವರು ಕೇಳಿದರು. ನಾನೂ ಕ್ಲಾಸಿನ ಹಳೆಯ ಗೆಳೆಯನೂ ಹೋಗಿ ಕೂತೆವು. ಹೆಸರಿಲ್ಲದವನಿಗೆ ದಸ್ತಾನ್ ಎಂಬ ಹೆಸರು ಬಂದಿತ್ತು. ಬೀದಿಯ ಅನಾಥನನ್ನು ದೊರೆ ಸಾಕಿಕೊಂಡ ಹಿನ್ನೆಲೆ ಬಂದಿತ್ತು. ಉಷ್ಟ್ರಪಕ್ಷಿಗಳ ಓಟದ ಪಂದ್ಯವೂ ಇತ್ತು. ಮಹಾರಾಜನ ಅರಮನೆಯ ಬದಲು ಅಲಮುತ್ ಕೋಟೆ, ಅಲ್ಲಿನ ರಾಜಕುಮಾರಿ ತಮೀನಾ. ಅರ್ಧ ಸಿನಿಮಾ ಆದಮೇಲೆ ಗೆಳೆಯ ಪಿಸುಗುಟ್ಟಿದ: “ಫರಾ ಎಲ್ಲೋ?” “ಇಂಟರ್‌ವಲ್ ಆದಮೇಲೆ ಬರ್ತಾಳೇನೋ ಇರು” ಎಂದೆ. ಬರಲಿಲ್ಲ. ಇಡೀ ಚಿತ್ರದಲ್ಲಿ ಭಾರತದ ಪಾಲು ಅಂತ ಉಳಿದದ್ದು ಖಳನಾಯಕ ಬೆನ್ ಕಿಂಗ್ಸ್‌ಲಿ ಮಾತ್ರ. ಅವರ ಹುಟ್ಟುಹೆಸರು ಕೃಷ್ಣ ಭಾನ್‌ಜಿ.

ಚಿತ್ರದ ಮೂಲ ಹಂದರದ ಮೇಲೆ ಮೆಕ್ನರ್‌ನ ಹೆಸರೇ ಇತ್ತು. ಹೆತ್ತವನೇ ಒಪ್ಪಿದಮೇಲೆ ಸೋದರಮಾವನಿಗೇನು ತಕರಾರು ಎಂದು ಗೆಳೆಯ ಕೇಳಿದ. ಪ್ರಶ್ನೆ ಸರಿಯೇ. ನಾವು ಕನ್ನಡದವರು ಇದಕ್ಕಿಂತ ದೊಡ್ಡ ತಿದ್ದುಪಡಿಗಳನ್ನು ತಲೆಯ ಮೇಲೆ ಹೊತ್ತವರು. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ, ಕೊನೆಗೆ ಅವನಿಗೂ ಸುಭದ್ರೆಗೂ ಪಟ್ಟ ಕಟ್ಟಿಸಿದ. ಆ ಪಂಪನ ಹೆಸರಿನಲ್ಲಿ ನಾವು ಪ್ರಶಸ್ತಿ ಕೊಡುತ್ತೇವೆ. ಯಾಕೆಂದರೆ ವ್ಯಾಸರಿಂದ ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಅವನು ಕರ್ಣನನ್ನು ಕೊಟ್ಟ. ಸಿನಿಮಾದವರು ಫರಾಳನ್ನು ಕಿತ್ತುಕೊಂಡು ಕೊಟ್ಟದ್ದು ಉಷ್ಟ್ರಪಕ್ಷಿ.

ಆಟದವರೇನು ನಿಯತ್ತಿನವರೇ? 2004ರ ‘ವಾರಿಯರ್ ವಿದಿನ್’ನಲ್ಲಿ ಚೆಲುವಾದ ಹುಡುಗನನ್ನು ಸಿಡುಕು ಮೋರೆಯ ಕೊಲೆಗಡುಕನನ್ನಾಗಿ ಮಾಡಿ ಹಿನ್ನೆಲೆಗೆ ಹೆವಿ ಮೆಟಲ್ ಬಡಿದರು. 2008ರಲ್ಲಿ ಎಲ್ಲ ಒರೆಸಿ, ಹೊಸ ಪ್ರಿನ್ಸ್, ಹೊಸ ನಾಯಕಿ ಎಲಿಕಾ ಎಂದರು. ಆ ಕಥೆಯನ್ನು ನಡುನೀರಿನಲ್ಲಿ ಬಿಟ್ಟು 2010ರಲ್ಲಿ ಮತ್ತೆ ಹಳೆಯ ಪ್ರಿನ್ಸನ ಹತ್ತಿರ ಓಡಿಬಂದರು. 2020ರಲ್ಲಿ ‘ಸ್ಯಾಂಡ್ಸ್ ಆಫ್ ಟೈಮ್’ ಅನ್ನು ಹೊಸದಾಗಿ ಮಾಡುತ್ತೇವೆ, ಮಾಡುವವರು ಪುಣೆ ಮತ್ತು ಮುಂಬೈ ಸ್ಟುಡಿಯೊಗಳವರು ಎಂದು ಸಾರಿದಾಗ, ಕೊನೆಗೂ ಫರಾ ತವರಿಗೆ ಬಂದಳಲ್ಲ ಎಂದು ಹಿಗ್ಗಿದೆ. ಟ್ರೇಲರ್ ನೋಡಿ ಅಭಿಮಾನಿಗಳು ಮುಖ ಸಿಂಡರಿಸಿದರು, ಬಿಡುಗಡೆ ಮುಂದಕ್ಕೆ ಹೋಯಿತು, 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೇ ಮರಳಿತು.

‘ವಾರಿಯರ್ ವಿದಿನ್’ನಲ್ಲಿ ದಹಾಕ ಎಂಬ ಭೂತವೊಂದಿದೆ. ಕಾಲದ ಕ್ರಮ ಕೆಡಿಸಿದವರನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವುದೇ ಅದರ ಕಸುಬು. ಸಿನಿಮಾ ಮಾಡುವವರ ಕಣ್ಣಿಗೆ ಅಭಿಮಾನಿಗಳು ಹೀಗೇ ಕಾಣುತ್ತಾರೆ. 2019ರಲ್ಲಿ, ಸಿನಿಮಾಕ್ಕೆ ಬರಲಿದ್ದ ಆಟದ ಪಾತ್ರ ಸಾನಿಕ್‌ನ ಬಾಯಲ್ಲಿ ಮನುಷ್ಯರ ಹಲ್ಲು ಕಂಡು ಜನ ಎಬ್ಬಿಸಿದ ಗದ್ದಲಕ್ಕೆ ಸ್ಟುಡಿಯೊದವರು ಇಡೀ ಪಾತ್ರವನ್ನೇ ಮತ್ತೆ ಬಿಡಿಸಿದರಲ್ಲ! ಆದರೆ ನಮ್ಮ ಕಣ್ಣಿಗೆ ನಾವು ಆ ಪ್ರಿನ್ಸನೇ. ಪ್ರತಿಸಲ ಯಾರೋ ಕಠಾರಿ ತಿರುಗಿಸುತ್ತಾರೆ, ನಡೆದದ್ದೆಲ್ಲ ನಡೆಯಲಿಲ್ಲ ಎಂದಾಗುತ್ತದೆ. ನೆನಪಿರುವುದು ನಮಗೊಬ್ಬರಿಗೆ. ಎದುರಿಗೆ ನಿಂತವಳಿಗೆ ನಮ್ಮ ಗುರುತಿಲ್ಲ. ಸಿನಿಮಾ ಕೆಟ್ಟದಾದರೆ ಸಹಿಸಬಹುದು. ಕೋಟ್ಯಂತರ ಜನ ನೋಡಿ, ಕಥೆ ಇಷ್ಟೇ ಎಂದು ನಂಬಿಬಿಟ್ಟರೆ ನಮ್ಮ ನೆನಪಿಗೆ ಸಾಕ್ಷಿ ಹೇಳುವವರು ಯಾರು ಎಂಬುದೇ ನಿಜವಾದ ದಿಗಿಲು. ತಮಾಷೆಯೆಂದರೆ ಸಿನಿಮಾದವರು ಎಲ್ಲ ಬಿಟ್ಟರೂ ಆ ಕೊನೆಯನ್ನು ಬಿಟ್ಟಿರಲಿಲ್ಲ. ದಸ್ತಾನನಿಗೂ ಎಲ್ಲ ನೆನಪಿರುತ್ತದೆ, ತಮೀನಾಗೆ ಏನೂ ಇರುವುದಿಲ್ಲ.

ಈಗ ಈ ದಿಗಿಲು ಅಕ್ಕನ ಮಗಳಿಗೆ ಅಂಟಿದೆ. ಅವಳ ಆಟ ‘ಜೆಲ್ಡಾ’. ಅದರ ಹಿಂದುಮುಂದು ಎಷ್ಟು ಸಿಕ್ಕುಸಿಕ್ಕೆಂದರೆ 2011ರಲ್ಲಿ ನಿಂಟೆಂಡೊದವರು ಪುಸ್ತಕವನ್ನೇ ತಂದು, ಕಾಲ ಒಂದು ಕಡೆ ಮೂರು ಕವಲಾಗಿ ಒಡೆದಿದೆ ಎಂದು ನಕ್ಷೆ ಬರೆದುಕೊಟ್ಟರು. ನಾಯಕ ಲಿಂಕ್ ಸೋತಿದ್ದರೆ ಏನಾಗುತ್ತಿತ್ತು ಎಂಬುದೇ ಅದರಲ್ಲೊಂದು ಕವಲು. ನಮ್ಮ ಪ್ರಿನ್ಸ್ ಬಾಯಿತಪ್ಪು ಎಂದದ್ದನ್ನು ಅವರು ಇತಿಹಾಸ ಮಾಡಿಕೊಂಡಿದ್ದಾರೆ. ಈಗ ವೆಸ್ ಬಾಲ್ ನಿರ್ದೇಶನದಲ್ಲಿ ಸಿನಿಮಾ, 2027ಕ್ಕೆ ಎಂದು ಪ್ರಕಟವಾಗಿದೆ.

“ಮಾಮ, ಲಿಂಕ್ ಮಾತಾಡಿಬಿಟ್ಟರೆ?” ಎಂದಳು ಮೊನ್ನೆ. ಇಷ್ಟು ವರ್ಷ ಆಟದಲ್ಲಿ ಅವನು ಬಾಯಿ ಬಿಟ್ಟದ್ದೇ ಅಪರೂಪ.

“ಎರಡು ಗಂಟೆ ಸುಮ್ನೆ ಇರೋ ಹೀರೋನ ಯಾರು ನೋಡ್ತಾರೆ?”

“ನಾನು ನೋಡ್ತೀನಿ. ಅವನು ಮಾತಾಡಿದರೆ ಹೋಗಲ್ಲ.”

“ಮೊದಲನೇ ದಿನವೇ ಹೋಗ್ತೀಯ.”

“ಹೋಗಲೇಬೇಕಲ್ಲ, ಎಲ್ಲೆಲ್ಲಿ ತಪ್ಪಿದ್ದಾರೆ ಅಂತ ಬೇರೆ ಯಾರಿಗೆ ಗೊತ್ತಾಗತ್ತೆ?” ಎಂದವಳು, ನನಗೂ ಒಂದು ಸೀಟು ಹಿಡಿಯುತ್ತೇನೆ, ಆದರೆ ನಡುವೆ ಫರಾ ವಿಷಯ ತೆಗೆಯಕೂಡದು ಎಂದು ಷರತ್ತು ಹಾಕಿದಳು. ಒಪ್ಪಿದ್ದೇನೆ. ಇಂಟರ್‌ವಲ್‌ವರೆಗೆ.