ಅಳುಗುಣಿ ಆಟ

ಪೊಳ್ಳಾಚಿಯ ಸುತ್ತಿನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇನ್ನೂ ಒಳಮನೆಯ ಮಾತಾಗಿ ಉಳಿದಿದೆ. ಹಿರಿಯರು ಅಡುಗೆಮನೆಯಲ್ಲಿ, ಮಗ್ಗದ ಗುಂಡಿಯಲ್ಲಿ ಕನ್ನಡವಾಡುತ್ತಾರೆ. ಹೊಸ್ತಿಲು ದಾಟಿದೊಡನೆ ತಮಿಳು ಬಾಯಿಗೆ ಬರುತ್ತದೆ. ಅಂಥ ಒಂದು ಮನೆಯಲ್ಲಿ ಇಪ್ಪತ್ತರ ಹರೆಯದ ಮೊಮ್ಮಗನೊಬ್ಬನಿದ್ದಾನೆ. ರಾತ್ರಿ ಊಟ ಮುಗಿಸಿ ಅವನು ಕಂಪ್ಯೂಟರಿನ ಮುಂದೆ ಕುಳಿತರೆ ಪರದೆಯ ಮೇಲೆ ಇಬ್ಬರು ಮಲ್ಲರು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬನು ಪೊಳ್ಳಾಚಿಯ ಈ ಹುಡುಗ. ಇನ್ನೊಬ್ಬನು ಯಾವ ಊರಿನವನೋ, ಹೆಸರೂ ನಿಜವಲ್ಲ. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ಹಣದ ಮಾತಿಲ್ಲ. ಆದರೂ ಆ ಅಂಕಕ್ಕಾಗಿ ಹುಡುಗ ಎಂಟು ತಿಂಗಳು ನಿದ್ದೆಗೆಟ್ಟಿದ್ದಾನೆ.

ಒಂದು ರಾತ್ರಿ ಅವನು ಗೆಲುವಿನ ಅಂಚಿನಲ್ಲಿದ್ದ. ಇನ್ನೊಂದು ಏಟು ಸಾಕಾಗಿತ್ತು. ಅಷ್ಟರಲ್ಲಿ ಪರದೆ ನಿಂತಿತು. ಸಂಪರ್ಕ ಕಡಿದಿದೆ ಎಂಬ ಸಾಲು ಮೂಡಿತು. ಆಚೆಯವನು ತಂತಿ ಕಿತ್ತಿದ್ದ. ಗೆಲುವೂ ದಾಖಲಾಗಲಿಲ್ಲ, ಸೋಲೂ ದಾಖಲಾಗಲಿಲ್ಲ. ಹುಡುಗ ಸಿಟ್ಟಿನಿಂದ ಕೂಗಿದ ಮಾತು ತಮಿಳಿನದು: 'ಅಳುಗುಣಿ ಆಟ್ಟಂ!'

ಈ ಮಾತು ಭಾಷೆಯ ವಿದ್ಯಾರ್ಥಿಗಳು ನಿಂತು ನೋಡಬೇಕಾದದ್ದು. ತಮಿಳು ಮಕ್ಕಳು ಮೋಸದಾಟವನ್ನು ಅಳುವಿನ ಆಟವೆಂದು ಕರೆಯುತ್ತಾರೆ. ಮರಾಠಿ ಮಕ್ಕಳ ಬಾಯಲ್ಲಿ ಅದೇ ದೋಷಕ್ಕೆ 'ರಡೀಚಾ ಡಾವ' ಎಂಬ ಹೆಸರಿದೆ. ಅಲ್ಲಿಯೂ ಬೇರಿನಲ್ಲಿರುವುದು ಅಳುವೇ. ಒಂದಕ್ಕೊಂದು ಸಂಬಂಧವಿಲ್ಲದ ಕುಲಗಳ ಎರಡು ನುಡಿಗಳು ಒಂದೇ ತೀರ್ಮಾನಕ್ಕೆ ಬಂದಿವೆ: ಮೋಸಗಾರನು ಮೊದಲು ಸೋಲನ್ನು ತಾಳಲಾರದವನು. ಕನ್ನಡವು 'ಕಳ್ಳಾಟ' ಎಂದು ಕೃತ್ಯವನ್ನು ಹೆಸರಿಸುತ್ತದೆ; ಆ ನುಡಿಗಳು ಕೃತ್ಯದ ಹಿಂದಿನ ದುರ್ಬಲತೆಯನ್ನು ಹೆಸರಿಸುತ್ತವೆ.

ಆಟದ ಒಳಗಿನ ವ್ಯವಸ್ಥೆಯನ್ನು ತಿಳಿದರೆ ಆ ಸಿಟ್ಟಿನ ಕಾರಣ ಸ್ಪಷ್ಟವಾಗುತ್ತದೆ. ಇಂಥ ದ್ವಂದ್ವದ ಆಟಗಳಲ್ಲಿ ಸೆಕೆಂಡಿಗೆ 60 ಚಿತ್ರಗಳು ಸರಿದುಹೋಗುತ್ತವೆ; ಏಟನ್ನು ತಡೆಯಲು ಸಿಗುವ ಅವಕಾಶ ಕೆಲವೊಮ್ಮೆ ಮೂರು ನಾಲ್ಕು ಚಿತ್ರಗಳಷ್ಟೇ. ದೂರದ ಊರಿನಿಂದ ಎದುರಾಳಿಯ ಸೂಚನೆ ಬಂದು ಮುಟ್ಟುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು. ಈ ತೊಡಕಿಗೆ ಅಮೆರಿಕದ ಟೋನಿ ಕ್ಯಾನನ್ ರೂಪಿಸಿದ ಜಿಜಿಪಿಒ ಎಂಬ ತಂತ್ರಾಂಶ ಒಂದು ಉಪಾಯ ಹೂಡಿತು. ಎದುರಾಳಿ ಏನು ಮಾಡುತ್ತಿದ್ದನೋ ಅದನ್ನೇ ಮುಂದುವರಿಸಿದ್ದಾನೆ ಎಂದು ಯಂತ್ರ ಊಹಿಸಿ ಆಟವನ್ನು ನಡೆಸುತ್ತದೆ. ನಿಜವಾದ ಸೂಚನೆ ಬಂದಾಗ ಊಹೆ ತಪ್ಪಾಗಿದ್ದರೆ ಕ್ಷಣಮಾತ್ರದಲ್ಲಿ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತದೆ. ಹೀಗಾಗಿ ಆ ಅಖಾಡದ ಬುಡದಲ್ಲಿ ಒಂದು ನಂಬಿಕೆಯಿದೆ: ಆಚೆ ಬದಿಯವನು ಇನ್ನೂ ಅಲ್ಲಿದ್ದಾನೆ ಎಂಬ ನಂಬಿಕೆ. ತಂತಿ ಕೀಳುವವನು ಒಡೆಯುವುದು ಅದನ್ನೇ.

ಈ ದೋಷ ಒಂದು ಊರಿನದಲ್ಲ. 2016ರ ಫೆಬ್ರುವರಿಯಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಸ್ಟ್ರೀಟ್ ಫೈಟರ್ 5 ಎಂಬ ಆಟವನ್ನು ಹೊರತಂದಾಗ ಸೋಲುವ ಹೊತ್ತಿಗೆ ಸಂಪರ್ಕ ಕಡಿದುಕೊಳ್ಳುವವರ ಹಾವಳಿ ಹೆಚ್ಚಾಗಿ, ಅಂಥವರ ಅಂಕಗಳನ್ನು ಸಂಸ್ಥೆಯೇ ಕಿತ್ತುಕೊಳ್ಳಬೇಕಾಯಿತು. 2018ರ ಅಕ್ಟೋಬರಿನಲ್ಲಿ ಶಾಂಘೈ ನಗರದ ಪಂದ್ಯಾವಳಿಯೊಂದರಲ್ಲಿ ಭಾರತದ ತಂಡವೇ ತಲೆತಗ್ಗಿಸಿತು. ಅದು ಗುಂಡಿನ ಕಾಳಗದ ಆಟ. ತಂಡದ ಒಬ್ಬ ಆಟಗಾರ ಗುರಿ ಹಿಡಿಯಲು ನೆರವಾಗುವ ಕಳ್ಳ ತಂತ್ರಾಂಶವನ್ನು ಬಳಸಿ ಸಿಕ್ಕಿಬಿದ್ದ. ಆ ಕಡತಕ್ಕೆ ಅವನು ಕೊಟ್ಟಿದ್ದ ಹೆಸರು 'ವರ್ಡ್'. ಒಬ್ಬನ ಕೈಚಳಕದಿಂದ ಇಡೀ ತಂಡ ಅನರ್ಹವಾಯಿತು; ಆಪ್ಟಿಕ್ ಸಂಸ್ಥೆ ತನ್ನ ಭಾರತದ ತಂಡವನ್ನೇ ವಿಸರ್ಜಿಸಿತು. ಏನೂ ಮಾಡದ ನಾಲ್ವರು ಜೊತೆಗಾರರು ಅವನೊಂದಿಗೆ ಸೋತರು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮನ್ನಣೆ ನೀಡಿತು. ಆದರೆ ರಾತ್ರಿ ಹನ್ನೊಂದು ಗಂಟೆಗೆ ತನ್ನ ಮನೆಯ ತಂತಿಯನ್ನು ತಾನೇ ಕೀಳುವ ಕೈಯನ್ನು ಹಿಡಿಯುವ ಕಾನೂನು ಎಲ್ಲಿಯದು? ವಿದ್ಯುತ್ತು ಹೋಯಿತೋ, ಕೈ ಎಳೆಯಿತೋ, ಯಂತ್ರಕ್ಕೆ ಭೇದ ತಿಳಿಯದು.

ಮೊಮ್ಮಗನ ಕೂಗು ಕೇಳಿ ಅಜ್ಜಿ ಒಳಗಿನಿಂದಲೇ ಹೇಳಿದಳು: 'ಮಾಸಾಣಿಯಮ್ಮನ ಗುಡಿಗೆ ಹೋಗಿ ಮೆಣಸು ಅರೆದು ಹಚ್ಚಿ ಬಾ, ಮಗಾ.' ಪೊಳ್ಳಾಚಿಗೆ ಸಮೀಪದ ಆನೆಮಲೆಯಲ್ಲಿ ಮಲಗಿರುವ ಆ ದೇವಿಯ ಸನ್ನಿಧಿಯಲ್ಲಿ ನ್ಯಾಯದ ಕಲ್ಲೊಂದಿದೆ. ಕಳವಿಗೆ, ವಂಚನೆಗೆ ಒಳಗಾದವರು ಕೆಂಪು ಮೆಣಸಿನಕಾಯಿ ಅರೆದು ಆ ಕಲ್ಲಿಗೆ ಬಳಿಯುತ್ತಾರೆ. ಸಾಕ್ಷಿಯಿಲ್ಲದ ಅನ್ಯಾಯಕ್ಕೆ ಬಡವರು ಕಂಡುಕೊಂಡ ನ್ಯಾಯಾಲಯ ಅದು. ಹುಡುಗ ನಕ್ಕ. ಹೆಸರೇ ತಿಳಿಯದವನ ಮೇಲೆ ದೂರು ಕೊಡುವುದು ಹೇಗೆ?

ಮೂರು ವಾರಗಳ ನಂತರ ಅವನು ಮೇಲಿನ ದರ್ಜೆಯ ಬಾಗಿಲಿಗೆ ಬಂದು ನಿಂತ. ಆ ಒಂದು ಪಂದ್ಯ ಗೆದ್ದರೆ ಏರಿಕೆ. ಸೋತರೆ ವಾರದ ಗಳಿಕೆ ನೀರುಪಾಲು. ಎದುರಾಳಿ ತಾಳ್ಮೆಯವನು, ತಪ್ಪು ಮಾಡುವುದಿಲ್ಲ. ಕೊನೆಯ ಸುತ್ತಿನಲ್ಲಿ ಹುಡುಗನ ಬಲ ಕೂದಲೆಳೆಯಷ್ಟು ಉಳಿದಾಗ ಅವನ ಎಡಗೈ ಮೇಜಿನ ಹಿಂದಕ್ಕೆ ಸರಿಯಿತು. ಯೋಚಿಸಿ ಮಾಡಿದ್ದಲ್ಲ, ಮಾಡಿದ ಮೇಲೆ ಯೋಚನೆ ಬಂತು. ಪರದೆ ನಿಂತಿತು. ಅಂಕ ಇದ್ದಲ್ಲಿಯೇ ಇತ್ತು.

ಮಗ್ಗದ ಬಳಿ ನೂಲು ಸುತ್ತುತ್ತಿದ್ದ ತಾತ ತಲೆಯೆತ್ತದೆ ಕೇಳಿದರು: 'ಯಾರು ಗೆದ್ದರು?'

ಪ್ರತಿ ರಾತ್ರಿಯೂ ಅವರು ಕೇಳುತ್ತಿದ್ದ ಪ್ರಶ್ನೆ ಅದು. 'ಗೆದ್ದೆ' ಎನ್ನುವ ಹಾಗಿಲ್ಲ, 'ಸೋತೆ' ಎನ್ನುವ ಹಾಗೂ ಇಲ್ಲ. ಬಹಳ ಹೊತ್ತಿನ ಮೇಲೆ ಹುಡುಗ ನಡೆದದ್ದನ್ನು ಹೇಳಿದ.

ತಾತ ಬೈಯಲಿಲ್ಲ. ನೂಲು ಪಕ್ಕಕ್ಕಿಟ್ಟು ತಮ್ಮದೊಂದು ಕಥೆ ಹೇಳಿದರು. ಮಕ್ಕಳು ಚಿಕ್ಕವರಿದ್ದ ಕಾಲ, ಮನೆಯಲ್ಲಿ ಕಾಯಿಲೆ. ಯಜಮಾನರು ತೂಕ ಮಾಡಿ ಕೊಟ್ಟ ನೂಲಿನಲ್ಲಿ ಒಂದಿಷ್ಟನ್ನು ಉಳಿಸಿಕೊಳ್ಳಲು ಅವರು ಒಂದು ಸೀರೆಯ ನಡುಭಾಗದಲ್ಲಿ ಅಂಗುಲಕ್ಕೆ ಕೆಲವು ಹೊಕ್ಕುಗಳನ್ನು ಕಡಿಮೆ ಹಾಕಿ ನೇಯ್ದರು. ತೂಕ ಸರಿದೂಗಲು ಗಂಜಿಯನ್ನು ದಪ್ಪವಾಗಿ ಹಚ್ಚಿದರು. ಮಡಿಕೆಯ ಒಳಗೆ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕೂಲಿ ಪೂರ್ತಿ ಸಿಕ್ಕಿತು.

'ಆ ಸೀರೆ ವಾಪಸು ಬಂದಿದ್ದರೆ ಯಜಮಾನರು ಬೈಯುತ್ತಿದ್ದರು, ಕೂಲಿ ಮುರಿದುಕೊಳ್ಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಬರಲಿಲ್ಲ ನೋಡು. ಮೂರು ಸಲ ಒಗೆದ ಮೇಲೆ ಯಾವ ಮನೆಯ ಹೆಣ್ಣುಮಗಳು ಅದನ್ನು ಬಿಡಿಸಿ ನೋಡಿದಳೋ ಎಂದು ಇವತ್ತಿಗೂ ನೆನೆಯುತ್ತೇನೆ.'

ಗದಾಯುದ್ಧವನ್ನು ಓದುವವರಿಗೆ ಈ ಮಾತು ಹೊಸದಲ್ಲ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದೆಯ ಕಾಳಗದ ನಿಯಮ. ಭೀಮನು ದುರ್ಯೋಧನನ ತೊಡೆಗೆ ಹೊಡೆದ. ವ್ಯಾಸಭಾರತದಲ್ಲಿ ಬಲರಾಮನು ಕೆರಳಿ ನೇಗಿಲನ್ನೆತ್ತಿಕೊಂಡು ಬರುತ್ತಾನೆ. ಭೀಮನ ಪಕ್ಷದಲ್ಲಿ ಪ್ರತಿಜ್ಞೆಯಿತ್ತು, ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅವಮಾನವಿತ್ತು, ಕೃಷ್ಣನ ಸಮರ್ಥನೆಯೂ ಇತ್ತು. ಇಷ್ಟೆಲ್ಲ ಇದ್ದರೂ ಆ ಏಟು ಇಂದಿನವರೆಗೆ ಪ್ರಶ್ನೆಯಾಗಿಯೇ ಉಳಿದಿದೆ. ಭೀಮನ ವಿಜಯವನ್ನು ಹಾಡಲು ಹೊರಟ ರನ್ನನ ಕಾವ್ಯದಲ್ಲಿಯೂ ಓದುಗನ ಮರುಕ ದುರ್ಯೋಧನನ ಕಡೆಗೆ ಹರಿಯುತ್ತದೆ. ಅಷ್ಟು ದೊಡ್ಡ ಕಾರಣಗಳಿದ್ದ ಏಟಿಗೇ ಈ ಗತಿಯಾದರೆ, ಅಂಕವೊಂದರ ಆಸೆಯ ಹೊರತು ಬೇರೆ ಕಾರಣವಿಲ್ಲದ ಕೈಗೆ ಸಮಾಧಾನ ಎಲ್ಲಿಂದ ಬರಬೇಕು? ಭೀಮನಾದರೂ ಅಖಾಡದಲ್ಲಿ ನಿಂತು, ಎಲ್ಲರ ಎದುರಿನಲ್ಲಿ ಹೊಡೆದ. ತಂತಿ ಕೀಳುವವನು ಅಖಾಡವನ್ನೇ ಇಲ್ಲವಾಗಿಸುತ್ತಾನೆ.

ತಾತನ ಸೀರೆ ಯಾವ ಮನೆ ಸೇರಿತೆಂದು ತಿಳಿಯುವ ದಾರಿಯಿರಲಿಲ್ಲ. ಮೊಮ್ಮಗನಿಗೆ ಆ ದಾರಿ ಇತ್ತು. ಎದುರಾಳಿಯ ಹೆಸರು ಅವನಿಗೆ ನೆನಪಿತ್ತು. ನಿಜವಾದ ಹೆಸರಲ್ಲದಿದ್ದರೂ ಹುಡುಕುವುದಕ್ಕೆ ಸಾಕಾಯಿತು. 'ಅಂದು ತಂತಿ ಕಿತ್ತವನು ನಾನು. ಮತ್ತೊಮ್ಮೆ ಆಡೋಣವೇ?' ಎಂದು ಬರೆದು ಕಳುಹಿಸಿದ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ಸಂಜೆ ಆಹ್ವಾನ ಬಂತು. ಅಂಕವಿಲ್ಲದ ಪಂದ್ಯ, ಯಾವ ಪಟ್ಟಿಯಲ್ಲಿಯೂ ಏರಿಳಿತವಾಗದ ಪಂದ್ಯ.

ಮಗ್ಗದ ಸದ್ದು ನಿಂತಿತ್ತು. ತಾತ ಎಂದಿನಂತೆ ಕೇಳಿದರು: 'ಯಾರು ಗೆದ್ದರು?'

'ಅವನು, ತಾತ. ಎರಡಕ್ಕೆ ಎರಡೂ ಸೋತೆ.'

ಅಜ್ಜಿ ಇಬ್ಬರಿಗೂ ಊಟಕ್ಕೆ ಕರೆದಳು.