ಗುಂಡನ ಕಣ್ಣು

ದೀಪಾವಳಿಗೆ ಧಾರವಾಡಕ್ಕೆ ಹೋಗಿ ಡೊಂಬಿವಲಿಗೆ ಮರಳಿದ ರಾತ್ರಿ. ಚಪ್ಪಲಿ ಬಿಡುವ ಮೊದಲೇ ಮಗಳು ಮೀನಿನ ತೊಟ್ಟಿಯತ್ತ ಓಡಿದಳು. "ಅಮ್ಮಾ, ಗುಂಡನ ಕಣ್ಣು ಹೊರಗ ಬಂದಾವ!"

ಗುಂಡ ನಮ್ಮ ಗೋಲ್ಡ್‌ಫಿಶ್. ಎರಡೂ ಕಣ್ಣು ಉಬ್ಬಿದ್ದವು, ಬಲಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ. ತಳದ ಕಲ್ಲುಗಳ ಮೇಲೆ ಸುಮ್ಮನೆ ಕೂತಿದ್ದ.

ಮರುದಿನ ಅಂಗಡಿಯವನಿಗೆ ಫೋಟೋ ತೋರಿಸಿದೆ. ಸರಿಯಾಗಿ ನೋಡದೆಯೇ ನೀಲಿ ಔಷಧಿಯ ಬಾಟಲಿ ಕೊಟ್ಟ. ಎಲ್ಲ ರೋಗಕ್ಕೂ ಅದೇ ಅಂತೆ. ಪುಣ್ಯಕ್ಕೆ ಅದನ್ನು ಸುರಿಯುವ ಮೊದಲು, ವರ್ಷಾನುಗಟ್ಟಲೆ ಮೀನು ಸಾಕಿದ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ.

ಅವರು ಕೇಳಿದ ಮೊದಲ ಪ್ರಶ್ನೆ, ಒಂದು ಕಣ್ಣೋ ಎರಡೂನೋ ಅಂತ. ಒಂದೇ ಕಣ್ಣು ಉಬ್ಬಿದ್ದರೆ ಹೆಚ್ಚಾಗಿ ಎಲ್ಲೋ ತಾಗಿದ ಪೆಟ್ಟು. ಎರಡೂ ಉಬ್ಬಿದ್ದರೆ ನೀರು ಕೆಟ್ಟಿರಬೇಕು, ಇಲ್ಲವೇ ಮೈಯೊಳಗೆ ಸೋಂಕಿರಬೇಕು. ಕಣ್ಣಿನ ಹಿಂದೆ ದ್ರವ ತುಂಬಿ ಗುಡ್ಡೆಯನ್ನು ಹೊರಗೆ ತಳ್ಳುತ್ತದೆ. ಔಷಧಿ ಪಕ್ಕಕ್ಕಿಟ್ಟು ಮೊದಲು ನೀರು ಪರೀಕ್ಷಿಸಿ ಅಂದರು. ಹನಿ ಹಾಕಿ ನೋಡುವ ಕಿಟ್ ತಂದೆ. ಅಮೋನಿಯಾ ಇಲ್ಲದಿದ್ದರೆ ಹಳದಿ ಇರಬೇಕಾದ ನೀರು ಕಡುಹಸಿರಾಯಿತು.

ಆಗ ನೆನಪಾಯಿತು. ಊರಿಗೆ ಹೊರಡುವ ಹಿಂದಿನ ದಿನ, ಹಬ್ಬಕ್ಕೆಂದು ಮನೆಯೆಲ್ಲ ತೊಳೆಯುವ ಹುರುಪಿನಲ್ಲಿ ಫಿಲ್ಟರಿನ ಸ್ಪಂಜನ್ನೂ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿದ್ದೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜಿನಲ್ಲಿ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಆ ನೀಲಿ ಔಷಧಿ, ಅಂದರೆ ಮಿಥಿಲಿನ್ ಬ್ಲೂ, ಅಳಿದುಳಿದವನ್ನೂ ಮುಗಿಸುತ್ತಿತ್ತು. ಸಾಲದ್ದಕ್ಕೆ ಪಕ್ಕದ ಮನೆಯ ಕಾಕು ಪ್ರೀತಿಯಿಂದ ದಿನಾ ಮೂರು ಹೊತ್ತು ಕಾಳು ಹಾಕಿದ್ದರು. ಅವರನ್ನೇನು ಅನ್ನುವುದು? ಎಷ್ಟು ಹಾಕಬೇಕೆಂದು ನಾನೇ ಹೇಳಿರಲಿಲ್ಲ.

"ಅಮ್ಮಾ, ಇದು ನೀನ ಮಾಡಿದ್ದೇನು?" ಮಗಳು ಕೇಳಿದಳು. ಹೌದು ಅಂದೆ. ಆ ಸಂಜೆ ಅವಳು ನನ್ನ ಜೊತೆ ಮಾತಾಡಲಿಲ್ಲ.

ಎರಡು ದಿನ ಗುಂಡನಿಗೆ ಉಪವಾಸ. ದಿನಾ ಕಾಲುಭಾಗ ನೀರು ತೆಗೆದು, ಕ್ಲೋರಿನ್ ಹೋಗಲಾಡಿಸುವ ಹನಿ ಹಾಕಿದ ಹೊಸ ನೀರು ತುಂಬಿದೆ. 20 ಲೀಟರಿಗೆ ಒಂದು ಟೀ ಚಮಚದಂತೆ ಎಪ್ಸಮ್ ಸಾಲ್ಟ್ ಕರಗಿಸಿ ಬೆರೆಸಿದೆ. ಇದು ಅಡುಗೆ ಉಪ್ಪಲ್ಲ, ಮೆಗ್ನೀಷಿಯಂ ಸಲ್ಫೇಟ್. ಕಣ್ಣಿನ ಹಿಂದಿನ ದ್ರವ ಇಳಿಯಲು ನೆರವಾಗುತ್ತದೆ. ನೀರು ಬದಲಿಸಿದಾಗ, ತೆಗೆದ ನೀರಿಗೆ ತಕ್ಕಷ್ಟನ್ನು ಮಾತ್ರ ಮತ್ತೆ ಹಾಕಬೇಕು. ಇಲ್ಲದಿದ್ದರೆ ಉಪ್ಪು ಏರುತ್ತಾ ಹೋಗುತ್ತದೆ. ಹೊಟ್ಟೆ ಊದಿ ಹುರುಪೆ ನಿಮಿರಿದರೆ ಮಾತ್ರ ಇಷ್ಟಕ್ಕೇ ನಿಲ್ಲಬಾರದು, ಮೀನು ಬಲ್ಲ ಪಶುವೈದ್ಯರನ್ನು ಹುಡುಕಬೇಕು ಎಂದು ಸಹೋದ್ಯೋಗಿ ಎಚ್ಚರಿಸಿದ್ದರು. ನಾನು ಬೆಳಗ್ಗೆ ಹಾಲು ಕಾಯಿಸುವ ಮೊದಲು ಗುಂಡನ ಹುರುಪೆ ನೋಡುತ್ತಿದ್ದೆ.

ಉಬ್ಬು ಇಳಿಯಲು ಮೂರು ವಾರ ಹಿಡಿಯಿತು. ಎಡಗಣ್ಣು ತಿಳಿಯಾಯಿತು. ಬಲಗಣ್ಣಿನ ಪೊರೆ ಹೋಗಲಿಲ್ಲ. ಆ ಕಡೆ ಕೈ ಆಡಿಸಿದರೆ ಗುಂಡ ತಿರುಗುವುದಿಲ್ಲ. ಮಗಳು ಈಗ ಎಡಗಡೆಯಿಂದಲೇ ಕಾಳು ಹಾಕುತ್ತಾಳೆ. ಸ್ಪಂಜನ್ನು ನಾನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೆಗೆಯುತ್ತೇನೆ. ಅಷ್ಟು ಹೊತ್ತೂ ಅವಳು ನಲ್ಲಿಗೆ ಅಡ್ಡ ನಿಂತಿರುತ್ತಾಳೆ.